ಮಂಡಿ ಮರಗಟ್ಟಿದರೆ ಸಾಲದು, ಕಾಲು ನಿಲ್ಲಬೇಕು

ಮಂಡಿ ಬದಲಾವಣೆ ಆಪರೇಷನ್ ಆದ ದಿನ ಸಂಜೆ ರೋಗಿ ನಗುನಗುತ್ತಾ ಮಾತಾಡುತ್ತಿರುತ್ತಾರೆ. ನೋವೇ ಇಲ್ಲ, ಇಷ್ಟಕ್ಕೇ ಹೆದರಿದ್ದೆವಲ್ಲ ಎಂದು ಮನೆಯವರೂ ನಿರಾಳವಾಗುತ್ತಾರೆ. ನಡುರಾತ್ರಿ ದಾಟುವ ಹೊತ್ತಿಗೆ ಅದೇ ಮಂಡಿ ಸಿಡಿಯುತ್ತದೆ. ಲೆಕ್ಕ ಸರಳ. ಬೆನ್ನಿಗೆ ಚುಚ್ಚಿ ಕೊಡುವ ಸ್ಪೈನಲ್ ಅರಿವಳಿಕೆಯ ಜೋಮು ಸಾಮಾನ್ಯವಾಗಿ 3–4 ಗಂಟೆಯಲ್ಲಿ ಇಳಿಯುತ್ತದೆ. ನರದ ಬಳಿ ಒಂದೇ ಸಲ ಕೊಟ್ಟ ಬ್ಲಾಕ್, ಅಂದರೆ ಆ ನರವನ್ನು ಮರಗಟ್ಟಿಸುವ ಇಂಜೆಕ್ಷನ್, ಮದ್ದು ಯಾವುದು ಎಷ್ಟು ಎಂಬುದರ ಮೇಲೆ ಸುಮಾರು 12ರಿಂದ 18 ಗಂಟೆ ಕಾಪಾಡುತ್ತದೆ. ಬೆಳಿಗ್ಗೆ 9ಕ್ಕೆ ಕೊಟ್ಟ ಬ್ಲಾಕ್ ರಾತ್ರಿ 9ರಿಂದ ಬೆಳಗಿನ ಜಾವ 3ರೊಳಗೆ ಬಿಡುತ್ತದೆ. ವಾರ್ಡಿನಲ್ಲಿ ಜನ ಕಡಿಮೆ ಇರುವ, ಜೊತೆಗಿದ್ದವರು ಕಣ್ಣು ಮುಚ್ಚಿರುವ ಹೊತ್ತು ಅದು. ಹಾಗಾಗಿ ನೋವಿನ ನಿರ್ವಹಣೆ ಎಂದರೆ ಸೂಜಿ ಎಲ್ಲಿ ಚುಚ್ಚುವುದು ಎಂಬುದಷ್ಟೇ ಅಲ್ಲ. ಸೂಜಿಯ ಫಲ ಮುಗಿದ ಮೇಲೆ ಏನು ಎಂಬುದೂ ಅದೇ ದಿನ ಬೆಳಿಗ್ಗೆಯೇ ತೀರ್ಮಾನವಾಗಿರಬೇಕು.

ಇನ್ನೊಂದು ಮಾತು ಮೊದಲೇ ಸ್ಪಷ್ಟವಾಗಲಿ. ಹೊಸ ಕೀಲು ಕೂಡಿಸಿದ ದಿನವೇ ಅಥವಾ ಮರುದಿನ ರೋಗಿ ವಾಕರ್ ಹಿಡಿದು ನಿಲ್ಲಬೇಕು, ಮಂಡಿ ಮಡಿಸಬೇಕು. ಮಲಗಿಯೇ ಇದ್ದರೆ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಕೀಲು ಬಿಗಿಯುತ್ತದೆ. ಆದ್ದರಿಂದ ನೋವು ಪೂರ್ತಿ ಸೊನ್ನೆಯಾಗಿ ಕಾಲೂ ಬಿದ್ದುಹೋಗುವುದಕ್ಕಿಂತ, ನೋವು 10ಕ್ಕೆ 3ರಷ್ಟಿದ್ದು ತೊಡೆ ಗಟ್ಟಿಯಾಗಿರುವುದು ಎಷ್ಟೋ ಮೇಲು. ಈ ಒಂದು ಕಾರಣಕ್ಕೇ ಕಳೆದ ಹದಿನೈದು ವರ್ಷಗಳಲ್ಲಿ ವಿಧಾನಗಳು ಬದಲಾಗಿವೆ.

ಮದ್ದು ಹರಿಸಲು ಬೆನ್ನಿನಲ್ಲಿ ಇಡುವ ಸಣ್ಣ ಕೊಳವೆ, ಎಪಿಡ್ಯೂರಲ್ ಕ್ಯಾತಿಟರ್, ನೋವನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ಎರಡೂ ಕಾಲು ಸೋಲುತ್ತವೆ, ಬಿಪಿ ಇಳಿಯುತ್ತದೆ, ಮೂತ್ರ ಕಟ್ಟುತ್ತದೆ, ಜೊತೆಗೆ ರಕ್ತ ತೆಳುಮಾಡುವ ಇಂಜೆಕ್ಷನ್‌ನ ಹೊತ್ತಿಗೂ ಕ್ಯಾತಿಟರ್ ತೆಗೆಯುವ ಹೊತ್ತಿಗೂ ಸದಾ ತಾಳೆ ಹಾಕುತ್ತಿರಬೇಕು. ತೊಡೆಸಂದಿನಲ್ಲಿ ಕೊಡುವ ಫೀಮೋರಲ್ ಬ್ಲಾಕ್ ಒಂದೇ ಕಾಲಿಗೆ ಸೀಮಿತ, ನೋವಿಗೂ ಒಳ್ಳೆಯದು. ಆದರೆ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯುವನ್ನೇ ಅದು ಮಲಗಿಸಿಬಿಡುತ್ತದೆ. ಮಂಡಿಯನ್ನು ನೇರವಾಗಿ ಹಿಡಿದು ನಿಲ್ಲಿಸುವುದು ಅದೇ ಸ್ನಾಯು. ಶೌಚಕ್ಕೆಂದು ಎದ್ದವರು ಕಾಲು ಮಡಚಿ ಬೀಳುವುದು ಹೀಗೆ.

ಮಂಡಿಗೆ ಒಂದೇ ನರವಿಲ್ಲ ಎಂಬುದೇ ಇಲ್ಲಿನ ಮುಖ್ಯ ತೊಡಕು. ಮುಂಭಾಗ ಮತ್ತು ಒಳಮಗ್ಗುಲಿಗೆ ಫೀಮೋರಲ್ ನರದ ಕವಲುಗಳು ಬರುತ್ತವೆ: ಸಫೀನಸ್ ನರ, ವ್ಯಾಸ್ಟಸ್ ಮೀಡಿಯಾಲಿಸ್ ಸ್ನಾಯುವಿಗೆ ಹೋಗುವ ನರ, ಮತ್ತೆ ಉಳಿದ ವ್ಯಾಸ್ಟಸ್ ಸ್ನಾಯುಗಳ ನರಗಳ ಎಳೆಗಳು. ಹಿಂಭಾಗದ ಕೀಲುಚೀಲಕ್ಕೆ, ತೊಡೆಯ ಹಿಂದಿನಿಂದ ಇಳಿಯುವ ಸಯಾಟಿಕ್ ನರದ ಟಿಬಿಯಲ್ ಕವಲಿನಿಂದ ಮತ್ತು ಆಬ್ಟುರೇಟರ್ ನರದ ಹಿಂಗವಲಿನಿಂದ ಎಳೆಗಳು ಬರುತ್ತವೆ. ಹೊರಮಗ್ಗುಲಿಗೆ ಪೆರೋನಿಯಲ್ ನರದ ಪಾಲೂ ಉಂಟು. ಮೇಲೆ ಸೀಳಿದ ಚರ್ಮಕ್ಕೆ ತೊಡೆಯ ಮುಂದಿನ ಚರ್ಮನರಗಳು ಬೇರೆ. ಒಂದು ಸೂಜಿಯಿಂದ ಇವಿಷ್ಟನ್ನೂ ಮಲಗಿಸಲು ಹೋದರೆ ಕಾಲಿನ ಶಕ್ತಿಯೂ ಜೊತೆಗೆ ಹೋಗುತ್ತದೆ. ಅದಕ್ಕೇ ಈಗಿನ ದಾರಿ ಎಂದರೆ ಬೇರೆ ಬೇರೆ ಕಡೆ ಸ್ವಲ್ಪ ಸ್ವಲ್ಪ, ಶಕ್ತಿಯ ನರಗಳನ್ನು ಆದಷ್ಟು ಬಿಟ್ಟು.

ಅಡಕ್ಟರ್ ಕೆನಾಲ್ ಬ್ಲಾಕ್

ಈಗ ಹೆಚ್ಚು ಬಳಕೆಯಲ್ಲಿರುವುದು ಇದು. ಅಡಕ್ಟರ್ ಕೆನಾಲ್ ಎಂದರೆ ತೊಡೆಯ ಒಳಮಗ್ಗುಲಲ್ಲಿ ಸ್ನಾಯುಗಳ ನಡುವೆ ರಕ್ತನಾಳ, ನರಗಳು ಸಾಗುವ ಕಾಲುವೆ. ರೋಗಿ ಅಂಗಾತ ಮಲಗಿ, ಮಂಡಿಯನ್ನು ಸ್ವಲ್ಪ ಮಡಿಸಿ ಕಾಲನ್ನು ಹೊರಕ್ಕೆ ವಾಲಿಸಬೇಕು. ಸೂಜಿ ಮುಟ್ಟುವ ಮೊದಲು ಯಾವ ಕಾಲು ಎಂಬುದನ್ನು ಗುರುತು ನೋಡಿ, ಒಪ್ಪಿಗೆ ಪತ್ರ ನೋಡಿ, ಎಚ್ಚರವಿದ್ದರೆ ರೋಗಿಯನ್ನೇ ಕೇಳಿ, ಜೋರಾಗಿ ಹೇಳಿ ಖಚಿತಪಡಿಸಿಕೊಳ್ಳಬೇಕು. ತಪ್ಪು ಕಾಲಿಗೆ ಬ್ಲಾಕ್ ಕೊಡುವ ಪ್ರಮಾದ ನಡೆಯುವುದು ಗುರುತು ಹಾಕದೆ ಇರುವುದರಿಂದ ಮಾತ್ರವಲ್ಲ. ಎಲ್ಲವನ್ನೂ ನೋಡಿ ಮುಗಿಸಿದ ಮೇಲೆ ರೋಗಿಯನ್ನು ಮಗ್ಗುಲು ತಿರುಗಿಸಿದಾಗ, ಗುರುತು ಬಟ್ಟೆಯಡಿ ಮುಚ್ಚಿಹೋದಾಗಲೂ ನಡೆಯುತ್ತದೆ. ಆದ್ದರಿಂದ ಈ ಪರಿಶೀಲನೆ ಸೂಜಿ ಚುಚ್ಚುವ ಕ್ಷಣಕ್ಕೆ ತೀರ ಹತ್ತಿರವಿರಬೇಕು.

ಅಲ್ಟ್ರಾಸೌಂಡ್‌ನ ನೇರ ಪ್ರೋಬನ್ನು ತೊಡೆಯ ನಡುಭಾಗದಲ್ಲಿ ಅಡ್ಡಲಾಗಿಟ್ಟರೆ ದೋಣಿಯಾಕಾರದ ಸಾರ್ಟೋರಿಯಸ್ ಸ್ನಾಯು ಕಾಣುತ್ತದೆ. ಅದರಡಿ ಮಿಡಿಯುವ ಫೀಮೋರಲ್ ಅಪಧಮನಿ, ಅದರ ಹೊರಮಗ್ಗುಲಲ್ಲಿ ವ್ಯಾಸ್ಟಸ್ ಮೀಡಿಯಾಲಿಸ್, ಒಳಮಗ್ಗುಲಲ್ಲಿ ಅಡಕ್ಟರ್ ಸ್ನಾಯುಗಳು. ಪ್ರೋಬನ್ನು ಮೇಲೆ ಕೆಳಗೆ ಜಾರಿಸುತ್ತಾ, ಸಾರ್ಟೋರಿಯಸ್‌ನ ಒಳಅಂಚು ಅಡಕ್ಟರ್ ಲಾಂಗಸ್‌ನ ಒಳಅಂಚನ್ನು ಸೇರುವ ಜಾಗ ಹುಡುಕಬೇಕು. ಕೆನಾಲ್ ನಿಜವಾಗಿ ಶುರುವಾಗುವುದು ಅಲ್ಲಿ. ಕೇವಲ ಟೇಪಿನಿಂದ ತೊಡೆ ಅಳೆದು ನಡುಮಧ್ಯ ಎಂದುಕೊಂಡರೆ ಅನೇಕ ಸಲ ಇನ್ನೂ ಮೇಲೆ, ಫೀಮೋರಲ್ ತ್ರಿಕೋನದಲ್ಲೇ ಇರುತ್ತೇವೆ. ಅಲ್ಲಿ ಕೊಟ್ಟರೆ ನೋವಿಗೆ ತಪ್ಪಿಲ್ಲ. ವ್ಯಾಸ್ಟಸ್ ಮೀಡಿಯಾಲಿಸ್‌ನ ನರ ಚೆನ್ನಾಗಿಯೇ ಸಿಗುತ್ತದೆ. ಆದರೆ ಮದ್ದು ಹೆಚ್ಚಾದರೆ ಮೇಲಕ್ಕೆ ಹರಿದು ತೊಡೆ ಸೋಲುವ ಸಂಭವವೂ ಹೆಚ್ಚು.

80ರಿಂದ 100 ಮಿ.ಮೀ. ಸೂಜಿಯನ್ನು ಹೊರಮಗ್ಗುಲಿನಿಂದ, ಅದರ ಇಡೀ ಉದ್ದ ಪರದೆಯಲ್ಲಿ ಕಾಣುವಂತೆ ತರಬೇಕು. ತುದಿ ನಿಲ್ಲಬೇಕಾದ್ದು ಸಾರ್ಟೋರಿಯಸ್‌ನ ಕೆಳಗೆ, ಅಪಧಮನಿಯ ಹೊರಬದಿಯಲ್ಲಿ. ಹಿಂದಕ್ಕೆಳೆದು ರಕ್ತ ಬಾರದ್ದನ್ನು ನೋಡಿ ಮೊದಲು 1–2 ಮಿ.ಲೀ. ಬಿಡಿ. ಅಪಧಮನಿಯ ಪಕ್ಕ ಕಪ್ಪನೆಯ ದ್ರವ ಬಿಚ್ಚಿಕೊಂಡರೆ ಜಾಗ ಸರಿ. ಸ್ನಾಯುವೇ ಉಬ್ಬುತ್ತಿದ್ದರೆ ತುದಿ ಇನ್ನೂ ಸಾರ್ಟೋರಿಯಸ್ ಒಳಗೇ ಇದೆ. ಪರದೆಯಲ್ಲಿ ಏನೂ ಕಾಣದೆ ಮದ್ದು ಸರಾಗವಾಗಿ ಹೋಗುತ್ತಿದ್ದರೆ ಕೂಡಲೇ ನಿಲ್ಲಿಸಿ, ತುದಿ ರಕ್ತನಾಳದಲ್ಲಿರಬಹುದು. ತಳ್ಳಲು ಗಟ್ಟಿಯೆನಿಸಿದರೆ ಅಥವಾ ರೋಗಿಗೆ ಕಾಲಿನುದ್ದಕ್ಕೂ ಮಿಂಚು ಹೊಡೆದಂತಾದರೆ ಸೂಜಿ ಹಿಂದೆಳೆಯಿರಿ. ಒಟ್ಟು 15–20 ಮಿ.ಲೀ. ಅರಿವಳಿಕೆ ಮದ್ದು ಸಾಕು: 0.2%ರಿಂದ 0.5% ರೋಪಿವಕೇನ್, ಅಥವಾ 0.25% ಬ್ಯುಪಿವಕೇನ್. 3–5 ಮಿ.ಲೀ.ಗೊಮ್ಮೆ ಹಿಂದಕ್ಕೆಳೆದು ನೋಡುತ್ತಾ ಕೊಡಬೇಕು. ಇನ್ನೊಂದು 10 ಮಿ.ಲೀ. ಸೇರಿಸಿದರೆ ಇನ್ನೂ ಒಳ್ಳೆಯದಾಗುತ್ತದೆ ಎಂಬ ಆಸೆ ಬೇಡ. ಹೆಚ್ಚಿನ ಮದ್ದು ಮೇಲಕ್ಕೆ ಹರಿದರೆ ಕ್ವಾಡ್ರಿಸೆಪ್ಸ್ ಸೋಲುತ್ತದೆ, ಕೆಳಕ್ಕೆ ಹರಿದರೆ ಮಂಡಿಯ ಹಿಂಗುಳಿಗೆ ಇಳಿದು ಪಾದವೂ ಮರಗಟ್ಟಬಹುದು.

ಫಲಿಸಿದೆಯೇ ಎಂದು ನೋಡಲು ಮೊಣಕಾಲ ಕೆಳಗೆ, ಕಣಕಾಲಿನ ಒಳಮಗ್ಗುಲಿಗೆ ಸ್ಪಿರಿಟ್ ಹತ್ತಿ ಒತ್ತಿ. ತಣ್ಣಗಿದೆ ಎನ್ನದೆ ಬರೀ ಮುಟ್ಟಿದಂತಾಗುತ್ತಿದೆ ಎಂದರೆ ಸಫೀನಸ್ ನರ ಮಲಗಿದೆ. ಈ ಪರೀಕ್ಷೆ ಸ್ಪೈನಲ್‌ಗೆ ಮೊದಲೇ ಆಗಬೇಕು, ಸ್ಪೈನಲ್ ಕೂತ ಮೇಲೆ ಎಲ್ಲವೂ ಮರಗಟ್ಟಿರುತ್ತದೆ. ಎಚ್ಚರವಿರುವ ರೋಗಿಗೆ ಬ್ಲಾಕ್ ಕೊಡುವುದರ ಇನ್ನೊಂದು ಲಾಭ, ಸೂಜಿ ನರಕ್ಕೆ ತಗುಲಿದರೆ ಅವರೇ ಹೇಳುತ್ತಾರೆ.

ಮಂಡಿಯ ಹಿಂಭಾಗ

ಮುಂದಿನ ಬ್ಲಾಕ್ ಎಷ್ಟೇ ಚೆನ್ನಾಗಿ ಕೂತರೂ ಕೆಲವರು ಮಂಡಿಯ ಹಿಂದೆ, ಮಡಿಕೆಯಲ್ಲಿ, ಆಳದಲ್ಲಿ ಎಳೆಯುತ್ತದೆ ಎನ್ನುತ್ತಾರೆ. ಅದು ಬ್ಲಾಕ್ ವಿಫಲವಾದದ್ದಲ್ಲ, ಆ ಭಾಗಕ್ಕೆ ಅದು ತಲುಪುವುದೇ ಇಲ್ಲ. ಮೊದಲು ಇದಕ್ಕಾಗಿ ಸಯಾಟಿಕ್ ಬ್ಲಾಕ್ ಕೊಡುತ್ತಿದ್ದರು. ಪಾದವೇ ಮೇಲೇಳದೆ ನಡೆಯುವುದು ಕಷ್ಟವಾಗುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ, ಆಪರೇಷನ್‌ನಲ್ಲಿ ಪೆರೋನಿಯಲ್ ನರಕ್ಕೆ ಪೆಟ್ಟಾಗಿದ್ದರೆ ಅದು ಬ್ಲಾಕ್‌ನ ಮರೆಯಲ್ಲಿ ಅಡಗಿಬಿಡುತ್ತಿತ್ತು. ಮಂಡಿ ಒಳಕ್ಕೆ ವಾಲಿ ಕಾಲು ಹೊರಕ್ಕೆ ಸೊಟ್ಟಗಿದ್ದವರಲ್ಲಿ, ವರ್ಷಗಟ್ಟಲೆ ಮಂಡಿ ನೆಟ್ಟಗಾಗದೆ ಇದ್ದವರಲ್ಲಿ ಕಾಲನ್ನು ನೇರ ಮಾಡಿದಾಗ ಆ ನರ ಎಳೆತಕ್ಕೆ ಸಿಗುತ್ತದೆ. ಅಂಥವರಲ್ಲಿ ಸರ್ಜನ್ ಎಚ್ಚರವಾದ ಕೂಡಲೇ ಪಾದ ಮೇಲೆತ್ತಿಸಿ ನೋಡಲು ಬಯಸುತ್ತಾರೆ, ಆ ಅವಕಾಶ ಕೆಡಿಸಬಾರದು.

ಈಗ ಇದರ ಜಾಗಕ್ಕೆ ಐಪ್ಯಾಕ್ ಬಂದಿದೆ. ಮಂಡಿಯ ಹಿಂದಿನ ಪಾಪ್ಲಿಟಿಯಲ್ ಅಪಧಮನಿಗೂ ಮಂಡಿಯ ಕೀಲುಚೀಲಕ್ಕೂ ನಡುವೆ ಮದ್ದು ಹರಡುವ ವಿಧಾನ. ತೊಡೆಯೆಲುಬಿನ ಕೆಳತುದಿಯ ಎರಡು ಗುಬ್ಬಗಳು ಮುಗಿದು ನೇರ ಎಲುಬು ಶುರುವಾಗುವ ಮಟ್ಟದಲ್ಲಿ ಪ್ರೋಬ್ ಇಟ್ಟು, ಒಳಮಗ್ಗುಲಿನಿಂದ ಸೂಜಿಯನ್ನು ಎಲುಬಿಗೂ ಅಪಧಮನಿಗೂ ನಡುವೆ ತೂರಿಸಬೇಕು. ತುದಿ ಅಪಧಮನಿ ದಾಟಿ 1–2 ಸೆಂ.ಮೀ. ಹೋದಲ್ಲಿ ನಿಲ್ಲಿಸಿ, ಹಿಂದಕ್ಕೆ ಎಳೆಯುತ್ತಾ 0.2% ರೋಪಿವಕೇನ್ 15–20 ಮಿ.ಲೀ. ಹರಡಬೇಕು. ಇನ್ನೂ ಆಚೆಗೆ ಹೋದರೆ ಪೆರೋನಿಯಲ್ ನರ, ಮೇಲಕ್ಕೆ ಸರಿದರೆ ಟಿಬಿಯಲ್ ನರ ಮದ್ದಿನಲ್ಲಿ ನೆನೆಯುತ್ತದೆ. ಎಲುಬಿಗೆ ಅಂಟಿಕೊಂಡು ಸಾಗುವುದೇ ಸುರಕ್ಷಿತ ದಾರಿ. ದಪ್ಪ ತೊಡೆಯಲ್ಲಿ ನೇರ ಪ್ರೋಬಿಗೆ ಆಳ ಸಾಲದು, ಬಾಗಿದ ಪ್ರೋಬ್ ಬೇಕಾಗುತ್ತದೆ.

ಇದಲ್ಲದೆ ಮಂಡಿಯ ಸುತ್ತಲಿನ ಜೆನಿಕ್ಯುಲರ್ ನರಗಳಿಗೆ ತಲಾ 4–5 ಮಿ.ಲೀ. ಕೊಡುವ ಕ್ರಮವೂ ಇದೆ. ಮೇಲಿನ ಎರಡು, ಕೆಳಗಿನ ಒಳಮಗ್ಗುಲಿನ ಒಂದು ಎಂದು ಮೂರೇ ಕಡೆ. ನಾಲ್ಕನೆಯದು, ಕೆಳಗಿನ ಹೊರಮಗ್ಗುಲಿನದು, ಪೆರೋನಿಯಲ್ ನರಕ್ಕೆ ತೀರ ಹತ್ತಿರವಾದ್ದರಿಂದ ಅದನ್ನು ಬಿಡುತ್ತಾರೆ.

ಸರ್ಜನ್ ಕೈಯ ಸೂಜಿ

ಸಿಡ್ನಿಯ ಡೆನ್ನಿಸ್ ಕೆರ್ ಮತ್ತು ಲಾರೆನ್ಸ್ ಕೋಹನ್ 2008ರಲ್ಲಿ ಪ್ರಕಟಿಸಿದ ವಿಧಾನ ಈ ಇಡೀ ಕ್ಷೇತ್ರವನ್ನೇ ತಿರುಗಿಸಿತು. ರೋಪಿವಕೇನ್, ಉರಿಯೂತ ಇಳಿಸುವ ಕೀಟೊರೊಲ್ಯಾಕ್, ಅಡ್ರಿನಲಿನ್ ಬೆರೆಸಿ ಸರ್ಜನ್ನರೇ ಕೀಲಿನ ಸುತ್ತ ಪದರ ಪದರವಾಗಿ ಚುಚ್ಚುವುದು. ಹಿಂಭಾಗದ ಕೀಲುಚೀಲಕ್ಕೆ ಕೃತಕ ಕೀಲು ಕೂಡಿಸುವ ಮೊದಲೇ ಕೊಡಬೇಕು, ಆಮೇಲೆ ಆ ಜಾಗ ಕೈಗೆ ಸಿಗುವುದಿಲ್ಲ. ನಂತರ ಎರಡೂ ಬದಿಯ ಅಸ್ಥಿರಜ್ಜುಗಳ ಸುತ್ತ, ಕ್ವಾಡ್ರಿಸೆಪ್ಸ್‌ನ ಅಂಚಿಗೆ, ಕೊನೆಗೆ ಚರ್ಮದಡಿ. ಚರ್ಮದಡಿಯ ಪಾಲಿಗೆ ಅಡ್ರಿನಲಿನ್ ಬೇಡ, ಅಂಚಿನ ರಕ್ತಸಂಚಾರ ಕುಗ್ಗುತ್ತದೆ. ಒಂದೇ ಕಡೆ ಗುಡ್ಡೆಯಾಗಿ ಸುರಿಯದೆ ಹಲವು ಕಡೆ ಸಣ್ಣ ಸಣ್ಣದಾಗಿ ಚುಚ್ಚಿದರೆ ಮಾತ್ರ ಫಲ. ಚೆನ್ನಾಗಿ ಮಾಡಿದ ಇಂಥ ಚುಚ್ಚುವಿಕೆ ಇದ್ದಲ್ಲಿ ಐಪ್ಯಾಕ್‌ನಿಂದ ಹೆಚ್ಚಿಗೆ ಸಿಗುವುದು ಅಲ್ಪ. ಅವಸರದಲ್ಲಿ ಮಾಡಿದ್ದಾದರೆ ಐಪ್ಯಾಕ್ ಕೈಹಿಡಿಯುತ್ತದೆ. ಮಿಶ್ರಣದಲ್ಲಿ ಕೀಟೊರೊಲ್ಯಾಕ್ ಇದ್ದರೆ ಅದನ್ನು ವಾರ್ಡಿಗೆ ತಿಳಿಸಲೇಬೇಕು. ಇಲ್ಲದಿದ್ದರೆ ಅದೇ ಜಾತಿಯ ಇನ್ನೊಂದು ಇಂಜೆಕ್ಷನ್ ಸಂಜೆಗೆ ಬಿದ್ದು, ವಯಸ್ಸಾದ ಮೂತ್ರಪಿಂಡಕ್ಕೆ ಎರಡು ಪಟ್ಟು ಹೊರೆಯಾಗುತ್ತದೆ.

ಇಲ್ಲಿ ಕೂಡಿಸುವ ಲೆಕ್ಕ ಬರುತ್ತದೆ, ತಪ್ಪು ಹೆಚ್ಚಾಗಿ ಆಗುವುದೂ ಇಲ್ಲೇ. ಅರಿವಳಿಕೆ ತಜ್ಞರ ಸಿರಿಂಜ್ ಬೇರೆ, ಸರ್ಜನ್ನರ ಸಿರಿಂಜ್ ಬೇರೆ, ರೋಗಿಯ ರಕ್ತ ಒಂದೇ. ರೋಪಿವಕೇನ್‌ಗೆ ಕಿಲೋಗೆ 3 ಮಿ.ಗ್ರಾಂ, ಬ್ಯುಪಿವಕೇನ್‌ಗೆ ಕಿಲೋಗೆ 2 ಮಿ.ಗ್ರಾಂ ಮಿತಿ ಇಟ್ಟುಕೊಳ್ಳೋಣ. 60 ಕಿಲೋ ತೂಕದವರಿಗೆ ರೋಪಿವಕೇನ್ 180 ಮಿ.ಗ್ರಾಂ. 0.2% ಎಂದರೆ ಒಂದು ಮಿ.ಲೀ.ಗೆ 2 ಮಿ.ಗ್ರಾಂ, ಅಂದರೆ ಒಟ್ಟು 90 ಮಿ.ಲೀ. ಅಡಕ್ಟರ್ ಕೆನಾಲ್‌ಗೆ 20, ಐಪ್ಯಾಕ್‌ಗೆ 20 ಹೋದರೆ ಸರ್ಜನ್ನರಿಗೆ ಉಳಿಯುವುದು 50 ಮಿ.ಲೀ. ಅದೇ ಅಡಕ್ಟರ್ ಕೆನಾಲ್‌ಗೆ 0.5% ಬಳಸಿದ್ದರೆ 20 ಮಿ.ಲೀ.ಗೇ 100 ಮಿ.ಗ್ರಾಂ ಮುಗಿದಿರುತ್ತದೆ, ಐಪ್ಯಾಕ್‌ನ 40 ಮಿ.ಗ್ರಾಂ ಕಳೆದರೆ ಸರ್ಜನ್ನರ ಪಾಲಿಗೆ 0.2%ರದ್ದು 20 ಮಿ.ಲೀ. ಮಾತ್ರ. 0.25% ಬ್ಯುಪಿವಕೇನ್‌ನಲ್ಲಿ ಎರಡೂ ಬ್ಲಾಕ್ ಕೊಟ್ಟರೆ 120 ಮಿ.ಗ್ರಾಂನಲ್ಲಿ 100 ಖರ್ಚಾಗಿ, ಉಳಿಯುವುದು 8 ಮಿ.ಲೀ. ಸರ್ಜನ್ನರ ಭಾಗ ದೊಡ್ಡದಿರಬೇಕು ಎಂದಾದರೆ ಇದನ್ನು ಮೊದಲೇ ಹಂಚಿಕೊಂಡು ಬೋರ್ಡಿನ ಮೇಲೆ ಬರೆದಿಡಬೇಕು. ಎರಡೂ ಮಂಡಿ ಒಂದೇ ದಿನ ಮಾಡುವುದಾದರೆ ಮಿತಿ ಎರಡು ಪಟ್ಟಾಗುವುದಿಲ್ಲ, ಇದೇ ಮಿತಿಯನ್ನು ಎರಡು ಕಾಲಿಗೆ ಹಂಚಬೇಕು. ತೀರ ವಯಸ್ಸಾದವರು, ಸಣಕಲು ಮೈಯವರು, ಪಿತ್ತಜನಕಾಂಗ ಅಥವಾ ಹೃದಯ ಸೋತವರಿಗೆ ಇನ್ನೂ ಕಡಿಮೆ.

ಮಿತಿ ಮೀರಿದರೆ, ಅಥವಾ ಮದ್ದು ನೇರ ರಕ್ತನಾಳಕ್ಕೆ ಹೋದರೆ, ಮೊದಲು ತುಟಿಯ ಸುತ್ತ ಜುಮ್ಮೆನ್ನುತ್ತದೆ, ಬಾಯಿಗೆ ಲೋಹದ ರುಚಿ ಬರುತ್ತದೆ, ಕಿವಿ ಗುಂಯ್‌ಗುಡುತ್ತದೆ, ರೋಗಿ ತಳಮಳಗೊಳ್ಳುತ್ತಾರೆ. ಆಮೇಲೆ ಫಿಟ್ಸ್, ಕೊನೆಗೆ ಹೃದಯದ ಲಯ ತಪ್ಪುವುದು. ನಿದ್ದೆ ಇಂಜೆಕ್ಷನ್ ಪಡೆದವರಲ್ಲಿ ಮೊದಲ ಲಕ್ಷಣಗಳು ಕಾಣದೆ ನೇರವಾಗಿ ಹೃದಯಕ್ಕೇ ಬರಬಹುದು. ಬ್ಲಾಕ್ ಕೊಟ್ಟ ಮೇಲೆ ಕನಿಷ್ಠ 30 ನಿಮಿಷ ಮಾನಿಟರ್ ತೆಗೆಯಬಾರದು. ಬ್ಲಾಕ್ ಕೊಡುವ ಕೋಣೆಯಲ್ಲೇ ಇದರ ಪ್ರತಿಮದ್ದಾದ 20% ಲಿಪಿಡ್ ಎಮಲ್ಷನ್ (ರಕ್ತನಾಳಕ್ಕೆ ಕೊಡುವ ಕೊಬ್ಬಿನ ದ್ರಾವಣ) ಇರಬೇಕು. ಅದು ಔಷಧ ಉಗ್ರಾಣದಲ್ಲಿದೆ ಎಂದರೆ ಇಲ್ಲ ಎಂದೇ ಅರ್ಥ. 70 ಕಿಲೋ ವರೆಗಿನವರಿಗೆ ಕಿಲೋಗೆ 1.5 ಮಿ.ಲೀ. 2–3 ನಿಮಿಷದಲ್ಲಿ, ನಂತರ ಕಿಲೋಗೆ ನಿಮಿಷಕ್ಕೆ 0.25 ಮಿ.ಲೀ. 60 ಕಿಲೋಗೆ ಮೊದಲು 90 ಮಿ.ಲೀ., ಆಮೇಲೆ ನಿಮಿಷಕ್ಕೆ 15. ಒಟ್ಟು ಕಿಲೋಗೆ 12 ಮಿ.ಲೀ. ದಾಟಬಾರದು. ಪ್ರಜ್ಞೆ ತಪ್ಪಿಸಲು ಕೊಡುವ ಪ್ರೊಪೊಫಾಲ್ ಕೂಡ ಬೆಳ್ಳಗೆ ಎಣ್ಣೆಯಂತಿದೆ ಎಂದು ಅದನ್ನು ಬದಲಿಗೆ ಕೊಡುವಂತಿಲ್ಲ, ಅದು ಹೃದಯವನ್ನು ಇನ್ನಷ್ಟು ಕುಗ್ಗಿಸುತ್ತದೆ.

ಬ್ಲಾಕ್ ಬಿಡುವ ರಾತ್ರಿ

ಅಡಕ್ಟರ್ ಕೆನಾಲ್‌ನಲ್ಲಿ ಸಣ್ಣ ಕ್ಯಾತಿಟರ್ ಇಟ್ಟು 0.2% ರೋಪಿವಕೇನನ್ನು ಗಂಟೆಗೆ 5–8 ಮಿ.ಲೀ.ಯಂತೆ ಎರಡು ಮೂರು ದಿನ ಹರಿಸಬಹುದು. ಕಾಗದದ ಮೇಲೆ ಸೊಗಸು. ನಿಜದಲ್ಲಿ ಕಾಲು ಮಡಿಸಿದಾಗಲೆಲ್ಲ ಸಾರ್ಟೋರಿಯಸ್ ಜಾರುತ್ತದೆ, ಕ್ಯಾತಿಟರ್ ಸರಿಯುತ್ತದೆ, ಅಂಟಿನಡಿ ಮದ್ದು ಸೋರುತ್ತದೆ. ನೋಡಿಕೊಳ್ಳಲು ತರಬೇತಾದ ಕೈಗಳಿದ್ದರೆ ಮಾತ್ರ ಇದು ಒಳ್ಳೆಯ ದಾರಿ. ಇಲ್ಲದಿದ್ದರೆ ಒಂದೇ ಸಲದ ಬ್ಲಾಕ್ ಕೊಟ್ಟು, ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ನುಂಗಿಸುವುದೇ ಹೆಚ್ಚು ನಂಬಿಕೆಯದು.

ಪ್ರಾಸ್ಪೆಕ್ಟ್ ಎಂಬ ತಜ್ಞರ ಗುಂಪು 2022ರಲ್ಲಿ ಪ್ರಕಟಿಸಿದ ಶಿಫಾರಸೂ ಇದೇ ನೇರದ್ದು: ಪ್ಯಾರಾಸಿಟಮಾಲ್, ಉರಿಯೂತ ಇಳಿಸುವ ಮಾತ್ರೆ, ರಕ್ತನಾಳದ ಮೂಲಕ ಡೆಕ್ಸಾಮೆಥಸೋನ್, ಕೀಲಿನ ಸುತ್ತ ಚುಚ್ಚುವಿಕೆ, ಒಂದು ಸಲದ ಅಡಕ್ಟರ್ ಕೆನಾಲ್ ಬ್ಲಾಕ್. ಸ್ಪೈನಲ್‌ಗೆ 100 ಮೈಕ್ರೋಗ್ರಾಂ ಮಾರ್ಫಿನ್ ಸೇರಿಸುವುದು ಕೊನೆಯ ಎರಡೂ ಸಾಧ್ಯವಾಗದ ಅಪರೂಪದ ಸಂದರ್ಭಕ್ಕೆ ಮಾತ್ರ. ಆ ಮಾರ್ಫಿನ್‌ನಿಂದ ತುರಿಕೆ, ವಾಂತಿ, ಮೂತ್ರ ಕಟ್ಟುವುದು ಸಾಮಾನ್ಯ, ಉಸಿರು ತಡವಾಗಿ ಕುಗ್ಗುವ ಭಯ 24 ಗಂಟೆ ಇರುತ್ತದೆ. ಡೆಕ್ಸಾಮೆಥಸೋನ್ 8–10 ಮಿ.ಗ್ರಾಂ ಬ್ಲಾಕ್‌ನ ಅವಧಿಯನ್ನು ಹಿಗ್ಗಿಸುತ್ತದೆ, ವಾಂತಿಯನ್ನೂ ತಡೆಯುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಸಕ್ಕರೆ ಏರುವುದರಿಂದ ಒಂದು ದಿನ ಪೂರ್ತಿ ಪರೀಕ್ಷಿಸುತ್ತಿರಬೇಕು.

ಪ್ಯಾರಾಸಿಟಮಾಲ್ 1 ಗ್ರಾಂ 6 ಗಂಟೆಗೊಮ್ಮೆ, ನೋವಿರಲಿ ಇಲ್ಲದಿರಲಿ. 50 ಕಿಲೋಗಿಂತ ಕಡಿಮೆ ಇದ್ದರೆ ಕಿಲೋಗೆ 15 ಮಿ.ಗ್ರಾಂ. ಮೂತ್ರಪಿಂಡ, ಹೃದಯ, ಜಠರದ ಹುಣ್ಣಿನ ತೊಂದರೆ ಇಲ್ಲದಿದ್ದರೆ ಸೆಲೆಕಾಕ್ಸಿಬ್ 200 ಮಿ.ಗ್ರಾಂ 12 ಗಂಟೆಗೊಮ್ಮೆ. ಬ್ಲಾಕ್ ಬಿಡುವ ಮುನ್ಸೂಚನೆ ನೋವಲ್ಲ, ಜೋಮು ಕರಗಿ ಜುಮುಗುಡುವುದು. ಸಹಾಯಕ್ಕೆಂದು ಬರೆದಿಟ್ಟ ಬಲವಾದ ಮಾತ್ರೆಯನ್ನು ಆ ಜುಮುಗುಡುವಿಕೆಗೇ ಕೇಳಿ ತೆಗೆದುಕೊಳ್ಳಬೇಕು. ನೋವು 8ಕ್ಕೇರಿದ ಮೇಲೆ ನುಂಗಿದ ಮಾತ್ರೆ ಕೆಲಸ ಶುರು ಮಾಡುವಷ್ಟರಲ್ಲಿ ಮುಕ್ಕಾಲು ಗಂಟೆ ನರಕ. ಅದು ಟ್ರಮಡಾಲ್ ಆಗಿದ್ದರೆ, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮೊದಲೇ ವೈದ್ಯರಿಗೆ ಹೇಳಿರಬೇಕು. ಗಬಪೆಂಟಿನ್, ಪ್ರಿಗಬಾಲಿನ್ ಎಲ್ಲರಿಗೂ ಬರೆದುಬಿಡುವ ಅಭ್ಯಾಸ ಒಳ್ಳೆಯದಲ್ಲ. ಎಪ್ಪತ್ತು ದಾಟಿದವರಿಗೆ ತಲೆಸುತ್ತು, ಮಂಪರು ತಂದು ಬೀಳಿಸುತ್ತವೆ.

ತೊಡೆಯ ಮೇಲ್ಭಾಗದಲ್ಲಿ ಪಟ್ಟಿ ಕಟ್ಟಿದಂತೆ ನೋವಿದ್ದರೆ ಅದು ಟೂರ್ನಿಕೆಯದು, ಅಂದರೆ ಆಪರೇಷನ್ ವೇಳೆ ರಕ್ತ ತಡೆಯಲು ತೊಡೆಗೆ ಬಿಗಿದ ಪಟ್ಟಿಯದು. ಮಂಡಿಯ ಬ್ಲಾಕ್‌ಗೆ ಅದು ಸಿಗುವುದಿಲ್ಲ, ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ.

ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಿ. ಚರ್ಮಕ್ಕೆ ಸ್ಪರ್ಶವಿಲ್ಲದ ಹೊತ್ತಲ್ಲಿ ನೇರವಾಗಿಟ್ಟರೆ ಸುಟ್ಟ ಗಾಯವಾಗುತ್ತದೆ, ರೋಗಿಗೆ ಗೊತ್ತೂ ಆಗುವುದಿಲ್ಲ. ದಿಂಬು ಮಂಡಿಯ ಕೆಳಗೆ ಬೇಡ. ಹಾಯೆನಿಸುತ್ತದೆ ನಿಜ, ಆದರೆ ಮಂಡಿ ಮಡಿಚಿದಂತೆಯೇ ಕೂತುಬಿಡುತ್ತದೆ. ಹಿಮ್ಮಡಿಗಿಂತ ಸ್ವಲ್ಪ ಮೇಲೆ ಇಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗದೆ ಒತ್ತುಹುಣ್ಣೂ ತಪ್ಪುತ್ತದೆ.

ಮೊದಲ ಸಲ ಎದ್ದು ನಿಲ್ಲುವ ಮುನ್ನ ಮೂರು ಪರೀಕ್ಷೆ. ಮಲಗಿದಲ್ಲೇ ಕಾಲನ್ನು ಮಂಡಿ ಮಡಿಸದೆ ಮೇಲೆತ್ತಲು ಆಗುತ್ತದೆಯೇ, ಪಾದ ಮೇಲಕ್ಕೆ ಎಳೆಯಲು ಆಗುತ್ತದೆಯೇ, ಮಂಚದಂಚಿಗೆ ಎರಡು ನಿಮಿಷ ಕೂತರೆ ತಲೆ ಸುತ್ತುತ್ತದೆಯೇ. ಕಾಲು ಎತ್ತಲಾಗದಿದ್ದರೆ ಮಂಡಿಗೆ ಬ್ರೇಸ್ ಹಾಕಿ, ಇಬ್ಬರು ಹಿಡಿದು ನಿಲ್ಲಿಸಬೇಕು. ಬ್ಲಾಕ್ ಹೆಸರು ಅಡಕ್ಟರ್ ಕೆನಾಲ್ ಎಂದ ಮಾತ್ರಕ್ಕೆ ತೊಡೆಯಲ್ಲಿ ಶಕ್ತಿ ಇದೆ ಎಂದು ಊಹಿಸಬಾರದು. ರಾತ್ರಿ ಶೌಚಕ್ಕೆ ಒಬ್ಬರೇ ಎದ್ದು ಹೋಗುವುದಂತೂ ಬೇಡವೇ ಬೇಡ.

ರಕ್ತ ತೆಳುಮಾಡುವ ಮದ್ದಿನ ವಿಷಯ ಆಪರೇಷನ್‌ಗೆ ಒಂದು ವಾರ ಮೊದಲೇ ಅರಿವಳಿಕೆ ತಜ್ಞರ ಮುಂದೆ ಬರಬೇಕು. ಸ್ಪೈನಲ್‌ಗೆ ಮುನ್ನ ಕ್ಲೊಪಿಡೊಗ್ರೆಲ್ 5–7 ದಿನ, ರಿವರೋಕ್ಸಬಾನ್ ಮತ್ತು ಅಪಿಕ್ಸಬಾನ್ 3 ದಿನ ನಿಲ್ಲಿಸಿರಬೇಕಾಗುತ್ತದೆ. ಹೆಪ್ಪು ತಡೆಯಲು ಕೊಡುವ ಕಡಿಮೆ ಡೋಸಿನ ಎನಾಕ್ಸಪರಿನ್ ಆದರೆ 12 ಗಂಟೆ. ನಿಲ್ಲಿಸುವುದು ನಿಮ್ಮ ತೀರ್ಮಾನವಲ್ಲ, ಹೃದಯ ವೈದ್ಯರನ್ನು ಕೇಳಿಯೇ ಆಗಬೇಕು. ಆಸ್ಪಿರಿನ್ ಒಂದೇ ಇದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಮೊದಲೇ ಮರಗಟ್ಟಿದ್ದರೆ, ಬೆನ್ನಿನಿಂದ ಕಾಲಿಗೆ ಎಳೆತವಿದ್ದರೆ ಅದನ್ನೂ ಹೇಳಿ, ಬರೆಸಿ. ಆಮೇಲೆ ಯಾವುದು ಹಳೆಯದು ಯಾವುದು ಹೊಸದು ಎಂದು ಬೇರ್ಪಡಿಸಲು ಅದೇ ಆಧಾರ.

ಬ್ಲಾಕ್ ಕೊಟ್ಟು 24 ಗಂಟೆ ಕಳೆದರೂ ಪಾದ ಮೇಲಕ್ಕೆ ಎತ್ತಲಾಗದಿದ್ದರೆ, ಸ್ಪೈನಲ್ ಇಳಿದ ಮೇಲೆ ಎರಡೂ ಕಾಲು ಮತ್ತೆ ಸೋಲತೊಡಗಿ ಬೆನ್ನು ನೋವು ಬಂದರೆ, ಮಾತ್ರೆಗೆ ಜಗ್ಗದೆ ಮೀನಖಂಡ ಕಲ್ಲಿನಂತೆ ಬಿಗಿದು ಬೆರಳು ಅಲ್ಲಾಡಿಸಿದರೂ ಪ್ರಾಣ ಹೋದಂತಾದರೆ, ಬೆಳಗಾಗಲಿ ಎಂದು ಕಾಯಬೇಡಿ. ಮೊದಲು ಮಂಡಿಗೆ ಸುತ್ತಿದ ಪಟ್ಟಿ ಸಡಿಲಿಸಲು ಹೇಳಿ, ಡ್ಯೂಟಿ ಡಾಕ್ಟರನ್ನು ಹಾಸಿಗೆಯ ಬಳಿಗೇ ಕರೆಸಿ.